ಎಷ್ಟು ಸಲ ಕೂಗಿತು ಎಂದು ಕೇಳುವ ಕೂಗಕ್ಕ

ಬೆಳಗಿನ ಐದೂಮುಕ್ಕಾಲು. ಸೇತುವೆಯ ಮೂರನೆಯ ಕಂಬದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅಂಕಿಗಳಿಗೆ ಟಾರ್ಚ್ ಬಿಟ್ಟು ಅವರು ಬಗ್ಗಿ ನೋಡುತ್ತಿದ್ದಾರೆ. ಹೊಳೆ ತಣ್ಣಗೆ ಹರಿಯುತ್ತಿದೆ. "ನಾಲ್ಕಕ್ಕೆ ಎರಡು ಬೆರಳು ಕಮ್ಮಿ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಟಾರ್ಚ್ ಆರಿಸುತ್ತಾರೆ. ಎರಡು ಹೆಜ್ಜೆ ನಡೆದವರು ಹಿಂದಿರುಗಿ ಮತ್ತೆ ಟಾರ್ಚ್ ಬಿಡುತ್ತಾರೆ. ನೀರೇನೂ ಅಷ್ಟರಲ್ಲಿ ಏರಿಲ್ಲ, ಇಳಿದೂ ಇಲ್ಲ. "ನನ್ನ ಕಣ್ಣನ್ನೇ ನಾನು ಒಂದೇ ಸಲಕ್ಕೆ ನಂಬಲ್ಲ" ಎನ್ನುತ್ತಾರೆ. ಹೇಳುವಾಗ ಮುಖದಲ್ಲಿ ನಗುವಿಲ್ಲ.

ಊರಿನವರು ಇವರನ್ನು ಕರೆಯುವುದು ಕೂಗಕ್ಕ ಎಂದು. ವಯಸ್ಸು ಐವತ್ತೆರಡು. ಹೊಳೆ ಏರಿದರೆ ಸೈರನ್ ಕೂಗಿಸಿ ಊರನ್ನು ಎಬ್ಬಿಸುವುದು ಇವರ ಕೆಲಸ. ಹದಿನಾರು ವರ್ಷದಲ್ಲಿ ನಿಜವಾಗಿ ಕೂಗಿಸಿದ್ದು ನಾಲ್ಕೇ ಸಲ. ಮಿಕ್ಕ ದಿನವೆಲ್ಲ ಅದು ಕೂಗುತ್ತದೋ ಇಲ್ಲವೋ ನೋಡಿಕೊಳ್ಳುವುದರಲ್ಲೇ ಕಳೆದಿದೆ. ದಿನಕ್ಕೆ ಮೂರು ಸಲ ಹೊಳೆಯ ಮಟ್ಟ ನೋಡಬೇಕು, ವಾರಕ್ಕೊಮ್ಮೆ ಮಂಗಳವಾರ ಆರು ಗಂಟೆಗೆ ಸರಿಯಾಗಿ ಪರೀಕ್ಷೆಯ ಕೂಗು ಹಾಕಬೇಕು, ಆಮೇಲೆ ನಲವತ್ತನಾಲ್ಕು ಮನೆಗಳ ಬಾಗಿಲು ತಟ್ಟಬೇಕು. ಇಂದು ಮಂಗಳವಾರ.

ಸೇತುವೆಯ ಪಕ್ಕದಲ್ಲೇ ನೀರಿನ ಪಂಪ್‌ಹೌಸ್. ಅದರ ಹಿಂದಿನ ಕೋಣೆ ಇವರದು. ಒಂದು ಮೇಜು, ಒಂದು ಕಾಲು ಕುಂಟುವ ಸ್ಟೂಲು, ಗೋಡೆಗೆ ನೇತುಹಾಕಿದ ರಬ್ಬರ್ ಬೂಟು. ಮೂಲೆಯಲ್ಲಿ ಕೈಯಿಂದ ತಿರುಗಿಸುವ ಹಳೆಯ ಸೈರನ್. ಅದರ ಹಿಡಿಯ ಕಬ್ಬಿಣ ಇವರ ಅಂಗೈ ತಾಗಿ ತಾಗಿ ಕನ್ನಡಿಯಂತಾಗಿದೆ. ಎದುರಿನ ಗೋಡೆಯ ಮೇಲೆ ಹೊಸ ಪೆಟ್ಟಿಗೆ. ಕಳೆದ ವರ್ಷ ಬಂದದ್ದು. ಊರಿನ ಹನ್ನೊಂದು ಕಡೆ ಕಂಬ ನೆಟ್ಟು, ಕಂಬಕ್ಕೊಂದು ಕಹಳೆಯಂಥ ಸೈರನ್ ಕೂರಿಸಿ, ಎಲ್ಲವನ್ನೂ ಈ ಪೆಟ್ಟಿಗೆಗೆ ಜೋಡಿಸಿದ್ದಾರೆ. ಪೆಟ್ಟಿಗೆಯ ಮೇಲೆ ಹನ್ನೊಂದು ಹಸಿರು ದೀಪ. ಹನ್ನೊಂದೂ ಉರಿಯುತ್ತಿವೆ.

"ಚೆನ್ನಾಗಿವೆಯಲ್ಲ?" ಎಂದು ಪತ್ರಿಕೆಗೆ ಬರೆಯಲು ಬಂದಿರುವ ನಾನು ಕೇಳುತ್ತೇನೆ.

"ಚೆನ್ನಾಗಿರದೆ ಏನು? ಅವು ಹುಟ್ಟಿದಾಗಿಂದ ಹಸಿರೇ. ಒಂದ್ಸಲ ಲಾರಿ ಗುದ್ದಿ ನಾಲ್ಕನೇ ಕಂಬ ನೆಲಕ್ಕೆ ಮಲಗಿತ್ತು. ಆವತ್ತೂ ಹಸಿರೇ ಇತ್ತು. ಇಲ್ಲಿಂದ ಮಾತು ಹೊರಟಿದೆ ಅಂತ ಆ ದೀಪ ಹೇಳುತ್ತೆ ಅಷ್ಟೆ. ಅಲ್ಲಿಗೆ ಮುಟ್ತಾ ಅನ್ನೋದು ಅದಕ್ಕೇನು ಗೊತ್ತು?"

ಗಡಿಯಾರದ ಮುಳ್ಳು ಆರಕ್ಕೆ ಬರುತ್ತದೆ. ಕೂಗಕ್ಕ ಗುಂಡಿ ಒತ್ತುತ್ತಾರೆ. ಪೇಟೆಯ ಕಡೆಯಿಂದ ಚಿಕ್ಕದೊಂದು ಕೂಗು ಎದ್ದು ನಿಲ್ಲುತ್ತದೆ. ಮತ್ತೆ ಒತ್ತುತ್ತಾರೆ. ಒಟ್ಟು ಐದು ಸಲ. ನಿಯಮದ ಪುಸ್ತಕದಲ್ಲಿ ಇರುವುದು ಮೂರು. ಆದರೆ ಎಷ್ಟು ಸಲ ಕೂಗಿಸಬೇಕೆಂಬುದನ್ನು ಇವರು ಆ ಗಳಿಗೆಯಲ್ಲಿ, ಕೈ ಗುಂಡಿಯ ಮೇಲಿರುವಾಗ ನಿರ್ಧರಿಸುತ್ತಾರೆ. ಒಂದು ವಾರ ಎರಡು, ಒಂದು ವಾರ ನಾಲ್ಕು. ಯಾರಿಗೂ ಮೊದಲೇ ಹೇಳುವುದಿಲ್ಲ, ಗಂಡನಿಗೂ. ನೀರಿನ ಟ್ಯಾಂಕರ್ ಓಡಿಸುವ ಅವರು ಇದನ್ನು ಹೇಳಿಕೊಂಡು ನಗುತ್ತಾರೆ: "ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದೀನಿ. ಇವಳ ಬಾಯಿಂದ ಆ ಒಂದು ಅಂಕಿ ಹೊರಡಿಸೋಕಾಗಿಲ್ಲ. ಬೇರೆಲ್ಲ ಧಾರಾಳವಾಗಿ ಹೊರಡುತ್ತೆ, ಬಿಡಿ."

ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ನಾವು ಹೊರಡುತ್ತೇವೆ. ಒಂದೊಂದು ಕಂಬಕ್ಕೂ ನಾಲ್ಕು ಮನೆ ಅಥವಾ ಅಂಗಡಿ. ಬೇಕರಿಯವನು ಬ್ರೆಡ್ಡಿನ ತಟ್ಟೆ ಎಳೆಯುತ್ತಲೇ ಹೇಳುತ್ತಾನೆ: "ಐದು ಅಕ್ಕಾ! ಇನ್ನೊಂದು ಕೂಗಿದ್ರೆ ಒಲೆ ಆರಿಸಿ ಓಡ್ತಿದ್ದೆ." ಎದುರು ಮನೆಯ ಟೀಚರಮ್ಮ "ನಾಲ್ಕೇನೋ, ಹಲ್ಲುಜ್ಜುತ್ತಿದ್ದೆ" ಎನ್ನುತ್ತಾರೆ. ಸೈಕಲ್ ಅಂಗಡಿಯವನದು ಆರು. ಕೂಗಕ್ಕ ಯಾರನ್ನೂ ತಿದ್ದುವುದಿಲ್ಲ. ಅವರು ಹೇಳಿದ ಅಂಕಿಯನ್ನೇ ಬರೆದುಕೊಂಡು ಮುಂದೆ ಹೋಗುತ್ತಾರೆ. "ನಿಜವಾಗಿ ಕೇಳಿದವರು ಒಂದೆರಡು ತಪ್ಪು ಎಣಿಸ್ತಾರೆ. ಏನೂ ಕೇಳದೆ ಹೇಳೋರು ತಪ್ಪೇ ಮಾಡಲ್ಲ" ಎಂದು ದಾರಿಯಲ್ಲಿ ನನಗೆ ವಿವರಿಸುತ್ತಾರೆ.

ಗಮನಿಸಿ: "ಕೂಗು ಕೇಳಿಸ್ತಾ?" ಎಂಬ ಪ್ರಶ್ನೆಯನ್ನು ಇವರು ಯಾವ ಬಾಗಿಲಲ್ಲೂ ಕೇಳುವುದಿಲ್ಲ. "ಎಷ್ಟು ಸಲ ಕೂಗ್ತು?" ಇಷ್ಟೇ. ಅದಕ್ಕೆ ಕಾರಣ ಕೊನೇ ಮನೆ ಅಜ್ಜಿ.

ಹೊಳೆಯ ದಂಡೆಗೆ ಅಂಟಿಕೊಂಡ ಕೆಳಬೀದಿಯ ಕಟ್ಟಕಡೆಯ ಮನೆಯಲ್ಲಿ ಆ ಅಜ್ಜಿ ಒಬ್ಬರೇ ಇದ್ದರು. ಆಗ ಇದ್ದದ್ದು ಕೈಯಿಂದ ತಿರುಗಿಸುವ ಸೈರನ್ ಒಂದೇ. ಕೂಗಕ್ಕ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾದ ಮೇಲೆ ಪಂಪ್‌ಹೌಸಿಗೂ ಕೆಳಬೀದಿಗೂ ನಡುವೆ ಎತ್ತರದ ಗೋಡೌನ್ ಎದ್ದಿತು. ಕೂಗು ಅದಕ್ಕೆ ಬಡಿದು ಹಿಂದಿರುಗುತ್ತದೋ ಏನೋ ಎಂಬ ಸಂಶಯ ಇವರಿಗೆ ಮೊದಲ ವಾರವೇ ಬಂದಿತ್ತು. ಹೋಗಿ ಕೇಳಿದರು. "ಕೇಳಿಸ್ತು ಮಗಳೇ, ಚೆನ್ನಾಗಿ ಕೇಳಿಸ್ತು" ಎಂದರು ಅಜ್ಜಿ. ಪ್ರತಿ ಮಂಗಳವಾರ ಅದೇ ಉತ್ತರ. ಬೀದಿಯ ಮಿಕ್ಕವರೂ ಹಾಗೇ ಅಂದರು. ಕೂಗಕ್ಕ ನಂಬಿದರು, ಕೇಳಿಸಿದೆ ಎಂದು ಬರೆದು ಸಹಿ ಹಾಕಿದರು. ಮೂರು ವರ್ಷ ಹೀಗೇ ನಡೆಯಿತು.

ಒಂಬತ್ತು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಊರೆಲ್ಲ ಅಡ್ಡಾದ ಹೊತ್ತಿಗೆ, ಹೊಳೆ ಒಂದು ಗಂಟೆಯಲ್ಲಿ ಏಳು ಅಡಿ ಏರಿತು. ಕೂಗಕ್ಕ ಸೈರನ್ನಿನ ಹಿಡಿಯನ್ನು ನಲವತ್ತು ನಿಮಿಷ ತಿರುಗಿಸಿದರು. ಅಂಗೈ ಸುಲಿದು ಹೋಯಿತು. ಪೇಟೆಯವರು ಎದ್ದರು, ಮೇಲಿನ ಬೀದಿಯವರು ಎದ್ದರು. ಕೆಳಬೀದಿಯವರು ಎದ್ದದ್ದು ಹಾಸಿಗೆ ಒದ್ದೆಯಾದ ಮೇಲೆ. ಮೇಜಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಅಜ್ಜಿ, ಕುತ್ತಿಗೆಯವರೆಗೆ ನೀರು. ಹಂಚು ಬಿಚ್ಚಿ ಎತ್ತಿದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು.

"ಹೋಗಿ ಪಕ್ಕದಲ್ಲಿ ಕೂತೆ. 'ಅಜ್ಜೀ, ಕೂಗು ಕೇಳಿಸಲಿಲ್ವಾ?' ಅಂದೆ. 'ಯಾವತ್ತು ಕೇಳಿಸಿತ್ತು ಹೇಳು' ಅಂದ್ರು. 'ಮತ್ತೆ ಪ್ರತಿ ವಾರ ಕೇಳಿಸ್ತು ಅಂತಿದ್ರಲ್ಲ?' ಅಂದ್ರೆ, 'ಇಲ್ಲ ಅಂದಿದ್ರೆ ನಿನ್ನ ಕೆಲಸ ಹೋಗ್ತಿತ್ತಲ್ಲ ಮಗಳೇ' ಅಂದ್ರು."

ಹನ್ನೆರಡನೆಯ ದಿನ ಅಜ್ಜಿ ತೀರಿಕೊಂಡರು. ಕೂಗಕ್ಕ ಇದನ್ನು ಹೇಳುವಾಗ ಸ್ವರ ಏರುವುದಿಲ್ಲ, ಇಳಿಯುವುದಿಲ್ಲ. "ಪ್ರೀತಿಯಿಂದ ಸುಳ್ಳು ಹೇಳಿದ್ರು. ಪ್ರೀತಿಯಿಂದ ಹೇಳಿದ್ರು ಅಂತ ನಾನು ಎರಡನೇ ಸಲ ಕೇಳಲಿಲ್ಲ. ತಪ್ಪು ನಂದೇ."

ಸಂಜೆಯ ಹೊತ್ತು ಹಿರಿಯರು ಕಾವ್ಯ ಓದಿ ಹೇಳುವುದನ್ನು ಕೇಳುತ್ತ ಬೆಳೆದವರಿಗೆ ಈ ಲೆಕ್ಕ ಹೊಸದಲ್ಲ. ಕೇಳುವವರು ಹೂಂಗುಟ್ಟಬೇಕು, ನಿದ್ದೆಗೆ ಜಾರಿದವರೂ ಹೂಂಗುಟ್ಟುತ್ತಲೇ ಇರುತ್ತಾರೆ. ಆಗ ಓದುವವರು ಬೇಕೆಂದೇ ಒಂದು ಪದ್ಯದಲ್ಲಿ ರಾಜನ ಬದಲು ಕುದುರೆಯನ್ನು ಪಟ್ಟಕ್ಕೇರಿಸುತ್ತಾರೆ. ಅದಕ್ಕೂ "ಹೂಂ" ಎಂದವರ ಬೆನ್ನಿಗೊಂದು ಗುದ್ದು. ಕೂಗಕ್ಕ ಮಾಡುವುದೂ ಅದನ್ನೇ, ಗುದ್ದೊಂದು ಬಿಟ್ಟು.

ಆ ನೆರೆಯ ನಂತರ ಊರಿನಿಂದ ಅರ್ಜಿಯ ಮೇಲೆ ಅರ್ಜಿ ಹೋಯಿತು. ಎಂಟು ವರ್ಷದ ಮೇಲೆ ಹಣ ಬಂತು. ತುರ್ತು ಸಿದ್ಧತೆಗೆ ಎಂದು ಬಂದ ಆ ಹಣ ಎರಡು ಕಂತಿನದು. ಮೊದಲ ಕಂತಿನಲ್ಲಿ ಹನ್ನೊಂದು ಸೈರನ್ ಕಂಬ. ಅವು ಎಲ್ಲ ಬೀದಿಗೂ ಕೇಳಿಸುತ್ತವೆ ಎಂಬ ಪ್ರಮಾಣಪತ್ರ ಹೋದರೆ ಎರಡನೆಯ ಕಂತು. ಅದರಲ್ಲಿ ಕೆಳಬೀದಿಗೆ ತಡೆಗೋಡೆ. ಈ ತಿಂಗಳ ಕೊನೆಯೊಳಗೆ ಪತ್ರ ಹೋಗದಿದ್ದರೆ ಆ ಕಂತು ವಾಪಸು. ಪತ್ರದ ಮೇಲೆ ಸೈರನ್ ನಿರ್ವಾಹಕರ ಸಹಿ ಬೇಕೇ ಬೇಕು. ಎಂದರೆ ಕೂಗಕ್ಕನದು.

ಇಲ್ಲೊಂದು ತಮಾಷೆ ಇದೆ. ಪುರಸಭೆಯ ಪುಸ್ತಕದಲ್ಲಿ ಸೈರನ್ ನಿರ್ವಾಹಕರು ಎಂಬ ಹುದ್ದೆಯೇ ಇಲ್ಲ. ಹದಿನಾರು ವರ್ಷದಿಂದ ಇವರ ದಿನಗೂಲಿ ಬರುತ್ತಿರುವುದು ಬೀದಿ ಗುಡಿಸುವವರ ಪಟ್ಟಿಯಲ್ಲಿ. "ಕಾಗದದಲ್ಲಿ ನಾನು ಪೊರಕೆ" ಎನ್ನುತ್ತಾರೆ. ಈ ಪತ್ರ ಹೋದರೆ ಆ ಹುದ್ದೆಯೂ ಆಗುತ್ತದೆ, ತಿಂಗಳ ಸಂಬಳವೂ ಆಗುತ್ತದೆ ಎಂದು ಮೇಲಿನವರು ಹೇಳಿದ್ದಾರಂತೆ.

ಹಾಗಿದ್ದೂ ಸಹಿ ಬೀಳದೆ ಎರಡು ವಾರವಾಗಿದೆ. ಊರಿನಲ್ಲಿ ಗುಸುಗುಸು ಹಬ್ಬಿದೆ. ಟೀ ಅಂಗಡಿಯಲ್ಲಿ ಒಬ್ಬರು ನನ್ನ ಕಿವಿಯ ಹತ್ತಿರ ಬಂದು, "ಸಹಿಗೆ ಎಷ್ಟು ದುಡ್ಡು ಕೇಳ್ತಿದ್ದಾಳಂತೆ?" ಎಂದು ವಿಚಾರಿಸಿದರು. ಸುಳ್ಳೇಕೆ, ಆ ಅನುಮಾನ ನನಗೂ ಬಂದಿತ್ತು. ದುಡ್ಡಿಗಾಗಿಯೇ, ಇಲ್ಲ ಹಳೆಯ ಸೈರನ್ ಹೋದರೆ ಇವರ ಕೈಯ ಕೆಲಸವೂ ಹೋಗುತ್ತದೆಂಬ ಭಯವೇ ಎಂದು ನೇರವಾಗಿ ಕೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಪೇಪರಿನವರಿಗೆ ಯಾರೂ ನಿಜ ಹೇಳಲ್ಲ. ನೀವೂ ನನ್ನ ಮಾತು ನಂಬಬೇಡಿ. ಜೊತೇಲಿ ಬನ್ನಿ, ನಿಮ್ಮ ಕಿವೀಲೇ ಕೇಳಿ" ಎಂದರು. ಹಾಗೆ ಬಂದದ್ದು ನಾನು.

ಏಳು ಗಂಟೆಗೆ ಕೆಳಬೀದಿಗೆ ಇಳಿಯುತ್ತೇವೆ. ಎಂಟರಿಂದ ಹನ್ನೊಂದರವರೆಗಿನ ನಾಲ್ಕು ಕಂಬ ಇಲ್ಲಿವೆ. ಕಂಬದ ಬುಡದಲ್ಲಿ ಬ್ಯಾಟರಿಯ ಕಬ್ಬಿಣದ ಪೆಟ್ಟಿಗೆ. ಬೀಗದ ಕೈ ಕಂಬ ನೆಟ್ಟ ಗುತ್ತಿಗೆದಾರನ ಬಳಿ ಇದೆ. ಕೂಗಕ್ಕ ಪೆಟ್ಟಿಗೆಗೆ ಕಿವಿ ಒತ್ತುತ್ತಾರೆ, ನನಗೂ ಒತ್ತಲು ಹೇಳುತ್ತಾರೆ. ಪೇಟೆಯ ಕಂಬದ ಪೆಟ್ಟಿಗೆಯಲ್ಲಿ ದುಂಬಿ ಹೊಕ್ಕಂತೆ ಸಣ್ಣ ಗುಂಯ್ ಇತ್ತು. ಇಲ್ಲಿ ತಣ್ಣನೆಯ ಕಬ್ಬಿಣ, ಅಷ್ಟೆ.

ಮೊದಲ ಮನೆ. ಬಾಗಿಲು ತೆರೆಯುವ ಮುನ್ನವೇ ಒಳಗಿಂದ ಉತ್ತರ: "ಮೂರು!"

ಎರಡನೆಯ ಮನೆ: "ಮೂರು ಅಕ್ಕ, ಸರಿಯಾಗಿ ಮೂರು." ಮೂರನೆಯದು: ಮೂರು. ನಾಲ್ಕನೆಯ ಮನೆಯಾಕೆ ಮಲಗಿದ್ದ ಗಂಡನನ್ನೂ ಎಬ್ಬಿಸಿ ಹೇಳಿಸುತ್ತಾಳೆ. ಅವನು ಕಣ್ಣು ಬಿಡದೆ "ಮೂರು" ಎಂದು ಮಗ್ಗುಲು ಬದಲಿಸುತ್ತಾನೆ. ಕೂಗಕ್ಕ ಬರೆದುಕೊಳ್ಳುತ್ತಾರೆ. ಮುಖದ ಒಂದು ಗೆರೆಯೂ ಅಲುಗುವುದಿಲ್ಲ.

ಆರನೆಯ ಮನೆಯ ಜಗಲಿಯಲ್ಲಿ ಲೇತ್ ತಾತ ಕೂತಿದ್ದಾರೆ. ಮೂವತ್ತೈದು ವರ್ಷ ಲೇತ್ ಮೆಷಿನ್ನಿನ ಮುಂದೆ ನಿಂತು ಕಿವಿ ಕಳೆದುಕೊಂಡವರು. ಪಕ್ಕದಲ್ಲಿ ಪಟಾಕಿ ಹೊಡೆದರೂ ತಿರುಗಿ ನೋಡುವವರಲ್ಲ. ಕೂಗಕ್ಕನನ್ನು ಕಂಡದ್ದೇ ತಡ, ಬೊಚ್ಚುಬಾಯಿ ಅಗಲಿಸಿ ನಗುತ್ತಾ ಮೂರು ಬೆರಳು ಎತ್ತಿ ತೋರಿಸುತ್ತಾರೆ.

ಕೂಗಕ್ಕ ಅವರ ಕೈ ಹಿಡಿದು ಬೆರಳುಗಳನ್ನು ಮೆಲ್ಲಗೆ ಮಡಿಸುತ್ತಾರೆ. "ತಾತನಿಗೂ ಹೇಳಿಕೊಟ್ಟಿದ್ದಾರೆ ನೋಡಿ. ಎಷ್ಟು ಕಷ್ಟಪಟ್ಟಿರಬೇಕು" ಎಂದು ನನ್ನತ್ತ ತಿರುಗುತ್ತಾರೆ.

ಒಂಬತ್ತನೆಯ ಮನೆ ಇವರ ಸ್ವಂತ ತಂಗಿಯದು. ಆಕೆ ಬಾಗಿಲಲ್ಲಿ ಪಾತ್ರೆ ಉಜ್ಜುತ್ತಿದ್ದಾಳೆ. ತಲೆ ಎತ್ತದೆ, "ಬಾ ಅಕ್ಕಾ. ಮೂರು" ಎನ್ನುತ್ತಾಳೆ.

"ನಾನಿನ್ನೂ ಬಾಯೇ ಬಿಟ್ಟಿಲ್ವಲ್ಲೇ."

"ಅದನ್ನ ಕೇಳೋಕೆ ತಾನೇ ಬಂದಿದ್ದು? ಬರ್ಕೊಂಡು, ಟೀ ಕುಡಿದು ಹೋಗು."

"ಯಾರು ಹೇಳಿಕೊಟ್ರು?"

"ಹೇಳಿಕೊಡೋಕೆ ನಾನೇನು ಒಂದನೇ ಕ್ಲಾಸಾ?" ತಂಗಿ ಪಾತ್ರೆ ಕುಕ್ಕುತ್ತಾಳೆ. "ನಿನ್ನೆ ಗುತ್ತಿಗೆದಾರನ ಕಡೆಯೋನು ಬಂದಿದ್ದ. ಮೂರು ಅಂತ ಹೇಳಿ, ಗೋಡೆ ಬರುತ್ತೆ ಅಂದ. ಏನೀಗ? ನಿನಗೆ ಮೇಲಿನ ಬೀದೀಲಿ ಮನೆ ಇದೆ ಅಕ್ಕಾ. ನನ್ನ ಮನೆ ಗೋಡೆ ಮೇಲೆ ಆ ನೀರಿನ ಗೆರೆ ಇನ್ನೂ ಇದೆ, ಬಾ ನೋಡು. ಎರಡು ಸಲ ಬಣ್ಣ ಹೊಡೆಸಿದ್ರೂ ಎದ್ದು ಕಾಣುತ್ತೆ. ಒಂದು ಅಂಕಿ ಬರಿಯೋಕೆ ನಿನ್ನ ಗಂಟೇನು ಹೋಗುತ್ತೆ?"

"ನಾನು ಐದು ಸಲ ಕೂಗಿಸಿದೆ ಕಣೇ."

ತಂಗಿಯ ಕೈ ಒಂದು ಕ್ಷಣ ನಿಲ್ಲುತ್ತದೆ. ಮತ್ತೆ ಉಜ್ಜತೊಡಗುತ್ತಾಳೆ. "ಹಾಗಾದ್ರೆ ಐದು ಅಂತ ಬರ್ಕೋ."

ಟೀ ಬಂತು. ಕುಡಿದಾಯಿತು. ಲೋಟ ತೊಳೆದಿಟ್ಟು ಹೊರಬಂದ ಕೂಗಕ್ಕ ನೋಟ್‌ಬುಕ್ಕಿನಲ್ಲಿ ತಂಗಿಯ ಮನೆಯ ಮುಂದೆಯೂ ಮೂರು ಎಂದೇ ಬರೆದರು. "ಮೊದಲು ಅಂದಿದ್ದು ಅದೇ ತಾನೇ" ಎಂದರು.

ಹದಿನಾರು ಮನೆ, ಹದಿನಾರು ಮೂರು. ಪೇಟೆಯಲ್ಲಿ ಮತ್ತು ಮೇಲಿನ ಬೀದಿಗಳಲ್ಲಿ ಇಪ್ಪತ್ತೆಂಟು ಬಾಗಿಲು: ಇಪ್ಪತ್ನಾಲ್ಕು ಐದು, ಮೂರು ನಾಲ್ಕು, ಒಂದು ಆರು. ಆ ಪುಟವನ್ನು ನನ್ನ ಕಣ್ಣಾರೆ ನೋಡಿದ್ದೇನೆ. ಬ್ಯಾಟರಿ ಏನಾಯಿತು ಎಂದು ಗುತ್ತಿಗೆದಾರನ ಕಡೆಯವನಿಗೆ ಫೋನ್ ಮಾಡಿದೆ. "ಹಾಕಿದ್ವಿ, ಯಾರೋ ಕದ್ದಿದ್ದಾರೆ" ಎಂದ. ಬೀಗ ಒಡೆದ ಗುರುತಿಲ್ಲವಲ್ಲ ಎಂದೆ. "ಕಳ್ಳರು ಈಗ ತುಂಬಾ ನಾಜೂಕು ಸಾರ್" ಎಂದು ಫೋನ್ ಇಟ್ಟ. ಬೀದಿಯವರನ್ನು ಕೇಳಿದರೆ ಬ್ಯಾಟರಿ ಬಂದದ್ದನ್ನೇ ಯಾರೂ ನೋಡಿಲ್ಲ. ಅದೇ ಬೀದಿಯವರು ಮೂರು ಸಲ ಕೂಗಿದ್ದನ್ನು ಕೇಳಿದವರಾದ್ದರಿಂದ, ಅವರು ನೋಡಿಲ್ಲ ಎಂಬುದನ್ನೂ ಎಷ್ಟು ನಂಬಬೇಕೋ ನನಗೆ ತಿಳಿಯದು.

ಗುರುವಾರ ಪುರಸಭೆಯ ಇಂಜಿನಿಯರ್ ಕೂಗಕ್ಕನನ್ನು ಕರೆಸುತ್ತಾರೆ. ಮೆಟ್ಟಿಲ ಕೆಳಗಿನ ಸಣ್ಣ ಕೋಣೆ. ಫೈಲುಗಳ ನಡುವೆ ಒಂದು ಫ್ಯಾನು. ಪತ್ರ ಆಗಲೇ ಟೈಪಾಗಿ ಮೇಜಿನ ಮೇಲಿದೆ. ಹನ್ನೊಂದು ಸಾಲು, ಹನ್ನೊಂದರ ಮುಂದೂ 'ಕೇಳಿಸಿದೆ'. ಕೆಳಗೆ ಸಹಿಯ ಜಾಗದಲ್ಲಿ ದಪ್ಪಕ್ಷರದಲ್ಲಿ 'ಸೈರನ್ ನಿರ್ವಾಹಕರು'. ಕೂಗಕ್ಕ ಆ ಎರಡು ಪದದ ಮೇಲೆ ಬೆರಳಿಟ್ಟು ಓದುತ್ತಾರೆ. ಹದಿನಾರು ವರ್ಷದಲ್ಲಿ ಕಾಗದವೊಂದು ಇವರನ್ನು ಸರಿಯಾದ ಹೆಸರಿನಿಂದ ಕರೆದದ್ದು ಇದೇ ಮೊದಲು.

ಇಂಜಿನಿಯರ್ ಕೆಟ್ಟವರ ಹಾಗೆ ಕಾಣುವುದಿಲ್ಲ. ಕಣ್ಣ ಕೆಳಗೆ ಕಪ್ಪು. ಮೂರು ಊರಿನ ಕೆಲಸ ಒಬ್ಬರ ತಲೆಯ ಮೇಲೆ. "ಅಮ್ಮಾ, ಸಹಿ ಹಾಕಿಬಿಡಿ. ಗೋಡೆ ಮುಖ್ಯ. ನಾಲ್ಕು ಬ್ಯಾಟರಿ ತಾನೇ, ಆಮೇಲೆ ಹಾಕಿಸ್ತೀನಿ. ನನ್ನ ಮಾತು."

"ಮಾತು ಬೇಡ ಸಾರ್, ಬ್ಯಾಟರಿ ತನ್ನಿ. ಈಗಲೇ ಹಾಕ್ತೀನಿ ಸಹಿ."

"ಕಂಬಕ್ಕೆ ಹಣ ಬಂದಿದೆಯಮ್ಮಾ, ರಿಪೇರಿಗೆ ಅಂತ ಒಂದು ಪೈಸೆ ಇಲ್ಲ. ಎರಡನೇ ಕಂತು ಬಂದ್ರೆ ಅದರಲ್ಲೇ ಹೇಗೋ ಹೊಂದಿಸಬಹುದು."

"ಗೋಡೆ ಎಷ್ಟು ಎತ್ತರ ಸಾರ್?"

"ನಾಲ್ಕಡಿ."

"ಆವತ್ತು ನೀರು ಬಂದಿದ್ದು ಐದೂವರೆ. ಈಗ ಮೋಡ ಕಂಡ್ರೆ ಕೆಳಬೀದಿಯವರು ಹೆದರಿಕೊಂಡಾದ್ರೂ ಎದ್ದು ಕೂತಿರ್ತಾರೆ. ಗೋಡೆ ಬಂತು ಅಂದ್ರೆ ಕಾಲು ಚಾಚಿ ಮಲಗ್ತಾರೆ. ಆಗ ಎಬ್ಬಿಸೋಕೆ ಏನಿರುತ್ತೆ?"

ಇಂಜಿನಿಯರ್ ಫ್ಯಾನು ನೋಡುತ್ತಾರೆ. ಕೂಗಕ್ಕ ಪೆನ್ನು ಕೇಳಿ ಪಡೆಯುತ್ತಾರೆ. ಎಂಟನೆಯ ಸಾಲಿನಲ್ಲಿ 'ಕೇಳಿಸಿದೆ' ಎಂಬುದರ ಮೇಲೆ ನೆಟ್ಟಗೊಂದು ಗೆರೆ ಎಳೆದು, ಪಕ್ಕದಲ್ಲಿ 'ಕೇಳಿಸಿಲ್ಲ' ಎಂದು ಬರೆಯುತ್ತಾರೆ. ಒಂಬತ್ತು, ಹತ್ತು, ಹನ್ನೊಂದು. ನಾಲ್ಕೂ ಕಡೆ. ಆಮೇಲೆ ದಪ್ಪಕ್ಷರದ ಮೇಲಿನ ಜಾಗದಲ್ಲಿ ಅವಸರವಿಲ್ಲದೆ ಪೂರ್ತಿ ಹೆಸರು ಬರೆದು ಸಹಿ ಮಾಡುತ್ತಾರೆ.

"ಈ ಕಾಗದ ಹೋದ್ರೆ ಗೋಡೆ ಬರಲ್ಲ. ಬೀದಿಯವರಿಗೆ ನೀವೇ ಹೇಳಿಕೊಳ್ಳಿ" ಎನ್ನುತ್ತಾರೆ ಇಂಜಿನಿಯರ್.

"ಹೇಳ್ತೀನಿ. ಮನೆ ಮನೆಗೂ ಹೋಗೋದೇ ತಾನೇ ನನ್ನ ಕೆಲಸ."

ಕಾಗದ ಮೇಜಿನ ಡ್ರಾಯರಿನೊಳಕ್ಕೆ ಜಾರುವುದನ್ನು ಕಂಡು ಕೂಗಕ್ಕ ಎದ್ದವರು ಮತ್ತೆ ಕೂರುತ್ತಾರೆ. "ಕಳಿಸಿದ ಕಾಗದದ ಪುಸ್ತಕದಲ್ಲಿ ನಂಬರು ಬೀಳಲಿ ಸಾರ್. ಕಾಯ್ತೀನಿ." ಗುಮಾಸ್ತ ಊಟಕ್ಕೆ ಹೋಗಿದ್ದಾನೆ ಎಂದರು. ಕಾದರು. ಬಂದ. ನಂಬರು ಬಿತ್ತು. ಆ ನಂಬರನ್ನೂ ಅಂಗೈ ಮೇಲೆ ಬರೆದುಕೊಂಡೇ ಹೊರಬಂದರು.

ಮೂರು ವಾರ ಕಳೆದಿವೆ. ಎರಡನೆಯ ಕಂತು ತಡೆಯಾಗಿದೆ. ರದ್ದಾಗಿದೆಯೋ ಮುಂದಕ್ಕೆ ಹೋಗಿದೆಯೋ ಯಾರೂ ಬಾಯಿ ಬಿಡುತ್ತಿಲ್ಲ. ತಡೆಗೋಡೆ ಈ ವರ್ಷವಂತೂ ಇಲ್ಲ. ನಿರ್ವಾಹಕರ ಹುದ್ದೆಯ ಮಾತೂ ನಿಂತಿದೆ. ಕೂಗಕ್ಕನ ದಿನಗೂಲಿ ಈಗಲೂ ಗುಡಿಸುವವರ ಪಟ್ಟಿಯಲ್ಲೇ ಬರುತ್ತದೆ. ಪತ್ರ ಹೋದ ಎಂಟನೆಯ ದಿನ, ಯಾರು ಕಳಿಸಿದರೋ, ಒಂದು ವ್ಯಾನಿನಲ್ಲಿ ನಾಲ್ಕು ಬ್ಯಾಟರಿ ಬಂದು ಕೆಳಬೀದಿಯ ಪೆಟ್ಟಿಗೆಗಳೊಳಗೆ ಕೂತವು. ಕಳ್ಳರು ನಾಜೂಕಿನವರು ಮಾತ್ರವಲ್ಲ, ಕರುಣೆಯುಳ್ಳವರೂ ಇರಬೇಕು.

ಕೂಗಕ್ಕ ಹೇಳಿದಂತೆಯೇ ಹದಿನಾರು ಮನೆಗೂ ಹೋಗಿ, ಗೋಡೆ ಬರದಿರುವುದು ತನ್ನ ಸಹಿಯಿಂದ ಎಂದು ಹೇಳಿ ಬಂದಿದ್ದಾರೆ. ಕೆಲವರು ಬೈದರು. ಹೆಚ್ಚಿನವರು ಬಾಗಿಲು ಹಾಕಿಕೊಂಡರು. ಮರುವಾರದ ಸುತ್ತಿನಲ್ಲಿ ಇವರು ತಟ್ಟಿದರೆ ಒಳಗೆ ಪಾತ್ರೆಯ ಸದ್ದು ನಿಲ್ಲುತ್ತಿತ್ತು, ಯಾರೂ ಬರುತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಹದಿನಾರು ಖಾಲಿ ಜಾಗ. ತಂಗಿ ಎದುರು ಸಿಕ್ಕರೆ ರಸ್ತೆಯ ಆ ಬದಿಗೆ ದಾಟುತ್ತಿದ್ದಳು. "ಮೂರು ಅಂತ ಸುಳ್ಳು ಹೇಳಿದ್ರೂ ಬಾಗಿಲು ತೆಗೀತಿದ್ರು. ಈಗ ಅದೂ ಇಲ್ಲ" ಎಂದು ಕೂಗಕ್ಕ ಫೋನಿನಲ್ಲಿ ಹೇಳಿದ್ದರು. ಸಹಿ ಹಾಕಿದ್ದು ತಪ್ಪಾಯಿತೇ ಎಂದು ಕೇಳಿದೆ. "ಗೊತ್ತಿಲ್ಲ" ಎಂದರು.

ಈ ಮಂಗಳವಾರ ನಾನು ಮತ್ತೆ ಹೋದೆ. ಆರು ಗಂಟೆಗೆ ಕೂಗು ಹಾಕಿ ಆಗಿತ್ತು. ಕೂಗಕ್ಕ ಮನೆಮನೆ ಸುತ್ತಲು ಹೊರಟು ಚಪ್ಪಲಿ ಮೆಟ್ಟುತ್ತಿದ್ದರು. ಪಂಪ್‌ಹೌಸಿನ ಬಾಗಿಲಿಗೆ ಯಾರೋ ಧಡ್ ಎಂದು ಗುದ್ದಿದರು. ನೋಡಿದರೆ ತಂಗಿ. ಏದುಸಿರು, ಕೈಯಲ್ಲಿ ಇನ್ನೂ ಪಾತ್ರೆ ಉಜ್ಜುವ ನಾರು.

"ನಿನಗೆ ಕೂಲಿ ಕೊಡೋದು ಯಾತಕ್ಕೆ?" ಎಂದು ಶುರುಮಾಡಿದಳು. "ಹತ್ತನೇ ಕಂಬ ಎರಡು ಸಲ ಕೂಗಿ ಮೂರನೇದಕ್ಕೆ ಗಂಟಲು ಕಟ್ಟಿದೋರ ಹಾಗೆ ಗೊರಗೊರ ಅಂತು. ಅದರಾಚೆ ಹನ್ನೊಂದನೇದು ತುಟಿ ಪಿಟಕ್ ಅನ್ನಲಿಲ್ಲ. ಗೋಡೆನೂ ಕಿತ್ಕೊಂಡೆ, ಕೂಗೂ ಇಲ್ಲ. ನಾವೇನು ಮನುಷ್ಯರಲ್ವಾ? ಹೋಗು, ಹೋಗಿ ಆ ಇಂಜಿನಿಯರ್ ಮುಂದೆ ಹೇಳು, ನಾನೂ ಬರ್ತೀನಿ!"

ಕೂಗಕ್ಕ ಅವಸರದಲ್ಲಿ ನೋಟ್‌ಬುಕ್ಕು ತೆರೆದು, ಪೆನ್ಸಿಲ್ಲಿನ ತುದಿಯನ್ನು ನಾಲಿಗೆಗೆ ತಾಗಿಸಿ, "ನಿಧಾನಕ್ಕೆ ಹೇಳೇ. ಗೊರಗೊರ ಅಂದಿದ್ದು ಎರಡನೇದಕ್ಕೋ ಮೂರನೇದಕ್ಕೋ?" ಎಂದರು.

"ಮೂರನೇದಕ್ಕೆ ಅಂದ್ನಲ್ಲ! ಕಿವಿ ಕೇಳಿಸಲ್ವಾ ನಿನಗೆ?"

ಕೂಗಕ್ಕ ಬರೆದರು. ತಂಗಿ ಇನ್ನೂ ಒಂದಿಷ್ಟು ಬೈದು, ಒಲೆಯ ಮೇಲೆ ಹಾಲಿದೆ ಎಂದು ನೆನಪಾಗಿ ಓಡಿದಳು. ಅವಳ ಹೆಜ್ಜೆ ಸದ್ದು ಗೋಡೌನಿನಾಚೆ ಮರೆಯಾಗುವವರೆಗೂ ಕೂಗಕ್ಕ ಬಾಗಿಲಲ್ಲೇ ನಿಂತಿದ್ದರು.

"ಹದಿನಾರು ವರ್ಷದಲ್ಲಿ ಮೊದಲ ಸಲ ಸಾರ್," ಎಂದರು ಆಮೇಲೆ, "ಒಬ್ಬಳು ತಾನಾಗೇ ಬಂದು ಕೇಳಿಸಲಿಲ್ಲ ಅಂದಳು. ಮಿಕ್ಕ ಹದಿನೈದು ಮನೆಯವರೂ ಹೀಗೇ ಬಂದು ನಾಲ್ಕು ಮಾತು ಬೈದು ಹೋದ್ರೆ ಸಾಕು. ನನಗಿನ್ನೇನೂ ಬೇಡ."